ಅಡಿಕೆಯ ನಾಡು, ಆಟದ ದೊರೆ

ಕುಮಟೆಯಿಂದ ಹೊರಟ ಬಸ್ಸು ದೇವಿಮನೆ ಘಟ್ಟವನ್ನು ಏರತೊಡಗಿತೆಂದರೆ ಕಡಲ ಸೀಮೆಯ ಸೆಕೆ ಹಿಂದುಳಿಯುತ್ತದೆ. ತಿರುವಿಗೊಂದರಂತೆ ಕಾಡು ದಟ್ಟವಾಗುತ್ತ ಬರುತ್ತದೆ. ಮತ್ತಿ, ಹೊನ್ನೆ, ನಂದಿಯ ಮರಗಳ ನಡುವೆ ಎಲ್ಲೋ ಒಂದು ಹಳ್ಳದ ಸದ್ದು ಕೇಳಿಸಿ ಮರೆಯಾಗುತ್ತದೆ. ಘಟ್ಟದ ನೆತ್ತಿಯನ್ನು ಮುಟ್ಟಿ ಶಿರಸಿಯ ಹಾದಿ ಹಿಡಿದ ಮೇಲೆ ಪ್ರಯಾಣಿಕನಿಗೆ ಈ ನಾಡಿನ ನಿಜವಾದ ರೂಪ ಗೋಚರಿಸುತ್ತದೆ. ಕಣಿವೆಯ ತಳದಲ್ಲಿ ಸಾಲುಸಾಲಾಗಿ ನಿಂತ ಅಡಿಕೆಯ ತೋಟ, ಅದರ ಅಂಚಿನಲ್ಲಿ ಹೆಂಚಿನ ಮನೆ, ಅಂಗಳದಲ್ಲಿ ಹರಡಿದ ಅಡಿಕೆ, ಮನೆಯ ಹಿಂದೆ ಏರುತ್ತ ಹೋದ ಹಸಿರು ಗುಡ್ಡ.

ಪರಸ್ಥಳದವರಿಗೆ ಆ ಗುಡ್ಡವೂ ಕಾಡೇ. ಊರಿನವರಿಗೆ ಮಾತ್ರ ಅದು ಬರಿಯ ಕಾಡಲ್ಲ, ‘ಬೆಟ್ಟ’. ಅಲ್ಲಿನ ಮರಗಳ ಕೊಂಬೆಗಳನ್ನು ಸವರಿರುವುದನ್ನು ಕಣ್ಣಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆ ಬೆಟ್ಟದ ಸೊಪ್ಪಿಲ್ಲದೆ ಈ ಕಣಿವೆಯ ತೋಟವಿಲ್ಲ. ತೋಟವಿಲ್ಲದೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಂಸಾರವೇ ಇಲ್ಲ. ಹಾಗಿದ್ದೂ ಈ ಬೆಟ್ಟಗಳ ಸೊಪ್ಪು ಯಾರದೆಂಬ ಪ್ರಶ್ನೆಯನ್ನು ಒಂದು ಕಾಲದಲ್ಲಿ ನಿರ್ಣಯಿಸುತ್ತಿದ್ದುದು ನೂರಾರು ಮೈಲಿ ದೂರದ ಮುಂಬಯಿಯ ಸರಕಾರ. ಆ ಸರಕಾರದ ಗದ್ದುಗೆಯ ಮೇಲೆ ೧೮೯೦ರಿಂದ ೧೮೯೫ರವರೆಗೆ ಕುಳಿತಿದ್ದವರು ಇಂಗ್ಲೆಂಡಿನ ಕ್ರಿಕೆಟ್ ತಂಡದ ಮಾಜಿ ನಾಯಕರು! ನಾಲ್ಕನೆಯ ಲಾರ್ಡ್ ಹ್ಯಾರಿಸ್ ಎಂಬ ಆ ಶ್ರೀಮಂತರ ಮನೆತನಕ್ಕೂ ಈ ಘಟ್ಟದ ಮೇಲಿನ ಸೀಮೆಗೂ ಇದ್ದ ನಂಟು ವಿಚಿತ್ರವಾದುದು.

ಮುತ್ತಜ್ಜ ಗೆದ್ದ ಸೀಮೆ

ಆ ನಂಟು ಆರಂಭವಾದುದು ಶ್ರೀರಂಗಪಟ್ಟಣದಲ್ಲಿ. ೧೭೯೯ರ ಮೇ ೪ರಂದು ಟಿಪ್ಪೂ ಸುಲ್ತಾನನ ಕೋಟೆಯನ್ನು ಹಿಡಿದ ಕಂಪನಿ ಸೇನೆಯ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್, ಈ ಕ್ರಿಕೆಟ್ ದೊರೆಯ ಮುತ್ತಜ್ಜ. ಯುದ್ಧದ ಲೂಟಿಯಲ್ಲಿ ದೊರೆತ ತನ್ನ ಪಾಲಿನ ಹಣದಿಂದ ಆತ ೧೮೦೧ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಫ್ಯಾವರ್‌ಶಾಮಿನ ಬಳಿ ಬೆಲ್ಮಾಂಟ್ ಎಂಬ ಭವ್ಯ ಬಂಗಲೆಯನ್ನು ಕೊಂಡುಕೊಂಡ. ೧೮೧೫ರಲ್ಲಿ ಆತನಿಗೆ ಪ್ರಭು ಪದವಿ ದೊರೆತಾಗ, ಆ ಬಿರುದಿನಲ್ಲಿ ಬೆಲ್ಮಾಂಟಿನೊಡನೆ ಶ್ರೀರಂಗಪಟ್ಟಣ ಮತ್ತು ಮೈಸೂರುಗಳ ಹೆಸರೂ ಸೇರಿದ್ದವು. ಕನ್ನಡ ನಾಡಿನ ಎರಡು ಊರುಗಳು ಹೀಗೆ ಇಂಗ್ಲೆಂಡಿನ ಒಂದು ಮನೆತನದ ಕುಲನಾಮದೊಳಗೆ ಹೊಕ್ಕವು.

ಟಿಪ್ಪೂವಿನ ಪತನದೊಡನೆ ಅವನ ಕೈಯಲ್ಲಿದ್ದ ಕಾನಡಾ ಸೀಮೆಯೂ ಸ್ವಾದಿಯ ಸೀಮೆಯೂ ಕಂಪನಿಯ ಪಾಲಿಗೆ ಬಂದವು. ಶಿರಸಿಯಿಂದ ಯಲ್ಲಾಪುರದ ಕಡೆಗೆ ಹೋಗುವ ಹಾದಿಗೆ ಹತ್ತಿರವಿರುವ ಸೋದೆಯೇ ಆ ಸ್ವಾದಿ. ವಾದಿರಾಜರ ಮಠದಿಂದ ಇಂದಿಗೂ ಹೆಸರಾದ ಆ ಊರು ಒಂದು ಕಾಲದಲ್ಲಿ ನಾಯಕ ಅರಸರ ರಾಜಧಾನಿ. ಹೈದರನ ದಂಡು ಬಂದಾಗ ಅಲ್ಲಿನ ಅರಸರು ಗೋವೆಗೆ ಓಡಿಹೋಗಿದ್ದರು. ೧೭೯೯ರಲ್ಲಿ ಕಾನಡಾದ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನ ಬೆನ್ನ ಹಿಂದೆಯೇ, ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳನ್ನು ಸುತ್ತಿ ಅಡಿಕೆಯ ತೋಟಗಳನ್ನೂ ಮೆಣಸಿನ ಬಳ್ಳಿಗಳನ್ನೂ ಕುರಿತು ಬರೆದುಕೊಂಡ. ಗೆದ್ದವರಿಗೆ ಗೆದ್ದ ಸೀಮೆಯ ಹುಟ್ಟುವಳಿ ಎಷ್ಟೆಂದು ತಿಳಿಯಬೇಕಾಗಿತ್ತು.

ಮುಂದೆ ೧೮೫೪ರಿಂದ ೧೮೫೯ರವರೆಗೆ ಮದರಾಸಿನ ಗವರ್ನರರಾಗಿದ್ದ ಮೂರನೆಯ ಲಾರ್ಡ್ ಹ್ಯಾರಿಸ್, ಆ ಜನರಲ್ಲನ ಮೊಮ್ಮಗ. ಕಾನಡಾ ಆಗ ಮದರಾಸಿನ ಆಡಳಿತಕ್ಕೆ ಸೇರಿತ್ತು. ೧೮೬೨ರಲ್ಲಿ ಉತ್ತರ ಕಾನಡಾ ಮದರಾಸನ್ನು ಬಿಟ್ಟು ಮುಂಬಯಿಗೆ ಸೇರಿತು. ಧಾರವಾಡದ ಹತ್ತಿಯನ್ನು ಘಟ್ಟವಿಳಿಸಿ ಕಾರವಾರದ ಬಂದರಿನಿಂದ ಹಡಗೇರಿಸಬೇಕೆಂಬ ವ್ಯಾಪಾರಿಗಳ ಹಂಬಲ ಈ ಬದಲಾವಣೆಗೆ ಮುಖ್ಯ ಕಾರಣ. ಹೀಗೆ ಮುತ್ತಜ್ಜ ಗೆದ್ದು, ತಂದೆ ಮದರಾಸಿನಿಂದ ಆಳಿದ ಅದೇ ಶಿರಸಿ-ಸಿದ್ದಾಪುರ-ಯಲ್ಲಾಪುರಗಳು ೧೮೯೦ರಲ್ಲಿ ಮಗನ ಕೈಗೆ ಮುಂಬಯಿಯ ದಾರಿಯಿಂದ ಬಂದವು.

ಬ್ಯಾಟು ಹಿಡಿದ ಪ್ರಭು

ಜಾರ್ಜ್ ರಾಬರ್ಟ್ ಕ್ಯಾನಿಂಗ್ ಹ್ಯಾರಿಸ್ ಹುಟ್ಟಿದ್ದು ೧೮೫೧ರ ಫೆಬ್ರವರಿ ೩ರಂದು, ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ. ತಂದೆ ಆಗ ಅಲ್ಲಿನ ಗವರ್ನರು. ಓದಿದ್ದು ಈಟನ್ನಿನಲ್ಲಿ, ಅನಂತರ ಆಕ್ಸ್‌ಫರ್ಡಿನಲ್ಲಿ. ೧೮೭೨ರಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತೊಂದರ ಹರೆಯದಲ್ಲಿಯೇ ಪ್ರಭು ಪದವಿಯೂ ಬೆಲ್ಮಾಂಟ್ ಬಂಗಲೆಯೂ ಅವರದಾದವು. ಆದರೆ ತರುಣ ಹ್ಯಾರಿಸರ ಮನಸ್ಸು ನೆಟ್ಟಿದ್ದುದು ಕ್ರಿಕೆಟ್ಟಿನಲ್ಲಿ. ಕೆಂಟ್ ತಂಡವನ್ನು ಅವರು ಬಹುಕಾಲ ನಡೆಸಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಕೂಲಿ ಪಡೆದು ಆಡುವವರದು ಒಂದು ಪಂಗಡ, ಹವ್ಯಾಸಕ್ಕೆ ಆಡುವ ಶ್ರೀಮಂತರದು ಇನ್ನೊಂದು. ಇಬ್ಬರೂ ಒಂದೇ ತಂಡದಲ್ಲಿ ಆಡಿದರೂ ನಾಯಕತ್ವ ಸಾಮಾನ್ಯವಾಗಿ ಎರಡನೆಯವರಿಗೇ ಮೀಸಲು. ಹ್ಯಾರಿಸರು ಆ ಎರಡನೆಯ ಪಂಗಡದ ಪ್ರತಿನಿಧಿ.

೧೮೭೮-೭೯ರಲ್ಲಿ ಅವರು ಆಸ್ಟ್ರೇಲಿಯಾಕ್ಕೆ ತಂಡವನ್ನು ಕರೆದೊಯ್ದರು. ೧೮೭೯ರ ಫೆಬ್ರವರಿ ೮ರಂದು ಸಿಡ್ನಿಯಲ್ಲಿ ಊರಿನ ನೆಚ್ಚಿನ ಆಟಗಾರ ಮರ್ಡಾಕ್ ರನ್ ಔಟೆಂದು ಅಂಪೈರು ತೀರ್ಪಿತ್ತಾಗ ಜನ ಕೆರಳಿ ಮೈದಾನಕ್ಕೆ ನುಗ್ಗಿದರು. ಗಲಭೆಯಲ್ಲಿ ಹ್ಯಾರಿಸರ ಮೈಮೇಲೂ ಏಟು ಬಿದ್ದಿತು. ಇನ್ನೊಬ್ಬ ಅಂಪೈರನಾಗಿ ಅಂದು ನಿಂತಿದ್ದ ಎಡ್ಮಂಡ್ ಬಾರ್ಟನ್ ಎಂಬ ತರುಣ ಮುಂದೆ ಆಸ್ಟ್ರೇಲಿಯಾದ ಮೊದಲ ಪ್ರಧಾನಿಯಾದರು. ಆ ಅಪಮಾನವನ್ನು ಹ್ಯಾರಿಸರು ಸುಲಭವಾಗಿ ಮರೆಯಲಿಲ್ಲ. ಆದರೂ ೧೮೮೦ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ನೆಲದ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದಾಗ, ಅದೇ ಆಸ್ಟ್ರೇಲಿಯನ್ನರೆದುರು ತಂಡವನ್ನು ನಡೆಸಿ ಐದು ವಿಕೆಟ್ಟುಗಳಿಂದ ಗೆದ್ದವರೂ ಅವರೇ. ಆಡಿದ್ದು ನಾಲ್ಕೇ ಟೆಸ್ಟುಗಳು. ನಾಲ್ಕರಲ್ಲಿಯೂ ಅವರೇ ನಾಯಕರು.

ಕ್ರಿಕೆಟ್ಟಿನ ಜೊತೆಗೆ ರಾಜಕಾರಣವೂ ನಡೆದಿತ್ತು. ೧೮೮೫-೮೬ರಲ್ಲಿ ಭಾರತದ ವ್ಯವಹಾರಗಳ ಉಪಸಚಿವರು. ೧೮೮೬ರಿಂದ ೧೮೯೦ರವರೆಗೆ ಯುದ್ಧ ಖಾತೆಯ ಉಪಸಚಿವರು. ಅನಂತರ ಮುಂಬಯಿಯ ಗವರ್ನರ ಪದವಿ ಅವರನ್ನು ಅರಸಿ ಬಂದಿತು.

ಮೈದಾನದ ಅರ್ಜಿ

ಮುಂಬಯಿಯ ಗವರ್ನರರ ವರ್ಷ ಮೂರು ಊರುಗಳಲ್ಲಿ ಕಳೆಯುತ್ತಿತ್ತು: ಚಳಿಗಾಲಕ್ಕೆ ಮುಂಬಯಿ, ಬೇಸಗೆಗೆ ಮಹಾಬಳೇಶ್ವರ, ಮಳೆಗಾಲಕ್ಕೆ ಪುಣೆಯ ಗಣೇಶಖಿಂಡ. ಹ್ಯಾರಿಸರು ಹೋದಲ್ಲೆಲ್ಲ ಕ್ರಿಕೆಟ್ಟೂ ಹೋಯಿತು. ಪಾರಸಿಗಳೂ ಐರೋಪ್ಯರೂ ಆಡುವ ವಾರ್ಷಿಕ ಪಂದ್ಯ ಅವರ ಕಾಲದಲ್ಲಿ, ೧೮೯೨ರಿಂದ, ಸ್ಥಿರವಾಯಿತು; ಮುಂದೆ ಹಿಂದೂಗಳೂ ಮುಸಲ್ಮಾನರೂ ಸೇರಿ ಹೆಸರಾದ ಪಂದ್ಯಾವಳಿಯ ಬೀಜ ಅದೇ. ಮುಂಬಯಿಯ ಕಡಲಂಚಿನಲ್ಲಿ ಜಿಮಖಾನೆಗಳಿಗೆ ಜಾಗ ದೊರಕಿಸಿಕೊಟ್ಟವರಲ್ಲಿಯೂ ಅವರ ಹೆಸರಿದೆ. ಶಾಲೆಗಳ ನಡುವಣ ಸ್ಪರ್ಧೆಯೊಂದು ಅವರ ಹೆಸರನ್ನು ಹೊತ್ತು ಇಂದಿಗೂ ನಡೆಯುತ್ತಿದೆ. ೧೯೮೮ರಲ್ಲಿ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ ಎಂಬ ಇಬ್ಬರು ಹುಡುಗರು ಜೊತೆಗೂಡಿ ೬೬೪ ಓಟಗಳನ್ನು ಗಳಿಸಿದ್ದು ಆ ಹ್ಯಾರಿಸ್ ಶೀಲ್ಡಿನ ಪಂದ್ಯದಲ್ಲಿಯೇ.

ಆದರೆ ಸಮಕಾಲೀನ ಪತ್ರಿಕೆಗಳಿಗೆ ಈ ಆಟದ ಹುಚ್ಚು ಅಷ್ಟು ರುಚಿಸಲಿಲ್ಲ. ೧೮೯೩ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಹಿಂದೂ-ಮುಸಲ್ಮಾನ ದಂಗೆ ಭುಗಿಲೆದ್ದು ಜನ ಸಾಯುತ್ತಿದ್ದಾಗ ಗವರ್ನರರು ಪುಣೆಯಲ್ಲಿದ್ದರು. ಅವರು ರಾಜಧಾನಿಗೆ ಬಂದದ್ದು ಒಂಬತ್ತನೆಯ ದಿನ. ಅದೂ ಒಂದು ಕ್ರಿಕೆಟ್ ಪಂದ್ಯದ ಸಲುವಾಗಿ ಎಂದು ಇತಿಹಾಸಕಾರರು ಬರೆದಿದ್ದಾರೆ.

ಅದೇ ಮುಂಬಯಿಯ ಇನ್ನೊಂದು ಜಗಳವನ್ನು ಇಲ್ಲಿ ನೆನೆಯಬೇಕು. ಕೋಟೆಯ ಬಳಿಯ ಮೈದಾನದಲ್ಲಿ ಭಾರತೀಯ ಹುಡುಗರು ಕ್ರಿಕೆಟ್ಟನ್ನಾಡುತ್ತಿದ್ದರು. ಅಲ್ಲಿಯೇ ಕೆಲವು ಐರೋಪ್ಯರು ಕುದುರೆಯೇರಿ ಪೋಲೋ ಆಡತೊಡಗಿದಾಗ ಗೊರಸುಗಳಡಿಯಲ್ಲಿ ನೆಲ ಕಿತ್ತುಹೋಯಿತು. ೧೮೮೦ರ ದಶಕದ ಆದಿಯಿಂದ ಹುಡುಗರ ಕಡೆಯವರು ಸರಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಬರೆದರು. ಶಾಪೂರ್ಜಿ ಸೊರಾಬ್ಜಿ ಎಂಬುವರು ಈ ಹೋರಾಟದ ಕಥೆಯನ್ನು ೧೮೯೭ರಲ್ಲಿ ಪುಸ್ತಕವಾಗಿಯೇ ಪ್ರಕಟಿಸಿದರು. ನೆಲ ಬೇಕಾದವರು ನೂರಾರು, ಆಳುವವರ ಕಡೆಯವರು ಬೆರಳೆಣಿಕೆಯಷ್ಟು. ಆದರೂ ಆ ನೂರಾರು ಜನಕ್ಕೆ ಮೈದಾನ ಹಕ್ಕಾಗಿರಲಿಲ್ಲ, ಕೃಪೆಯಾಗಿತ್ತು.

ಸೊಪ್ಪಿನ ಅರ್ಜಿ

ಶಿರಸಿಯ ಬೆಟ್ಟದಲ್ಲಿಯೂ ಇದೇ ಮಾತು. ಅಲ್ಲಿನ ತೋಟದ ಬಾಳುವೆಯನ್ನು ಅರಿಯದೆ ಆ ಜಗಳ ಅರ್ಥವಾಗದು. ಅಡಿಕೆಯ ಮರಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ, ನೆರಳಿನಲ್ಲಿ ಏಲಕ್ಕಿ ಬೆಳೆಯುತ್ತದೆ, ನಡುನಡುವೆ ಬಾಳೆ. ಮಳೆಯ ಹೊಡೆತಕ್ಕೆ ಕಣಿವೆಯ ಮಣ್ಣಿನ ಸಾರವೆಲ್ಲ ತೊಳೆದುಹೋಗುವುದರಿಂದ, ತೋಟಕ್ಕೆ ತಪ್ಪದೆ ಗೊಬ್ಬರ ಹಾಕುತ್ತಿರಬೇಕು. ಆ ಗೊಬ್ಬರದ ಮೂಲವೇ ಬೆಟ್ಟ. ಹಸಿ ಸೊಪ್ಪನ್ನು ಸವರಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಬೇಸಗೆಯಲ್ಲಿ ಉದುರಿದ ದರಕನ್ನು ಗುಡಿಸಿ ಹೊತ್ತು ತರುತ್ತಾರೆ. ಸಗಣಿ-ಗಂಜಲದೊಡನೆ ಕೊಳೆತು ಅದು ಗೊಬ್ಬರವಾಗಿ ಮರದ ಬುಡವನ್ನು ಸೇರುತ್ತದೆ. ಬೆಟ್ಟವನ್ನು ಕಿತ್ತುಕೊಂಡರೆ ತೋಟ ಒಂದೇ ದಿನ ಸಾಯುವುದಿಲ್ಲ. ಆದರೆ ವರ್ಷವರ್ಷಕ್ಕೂ ಕೊನೆ ಸಣ್ಣದಾಗುತ್ತ, ಸಾಲ ದೊಡ್ಡದಾಗುತ್ತ ಹೋಗುತ್ತದೆ.

೧೮೭೮ರಲ್ಲಿ ಬಂದ ಅರಣ್ಯ ಕಾನೂನಿನ ಬಲದಿಂದ ಸರಕಾರ ಕಾಡುಗಳನ್ನು ಕಾಯ್ದಿಟ್ಟ ಅರಣ್ಯಗಳೆಂದು ಸಾರಿತು. ಉತ್ತರ ಕಾನಡಾ ಮುಕ್ಕಾಲು ಪಾಲಿಗೂ ಮಿಕ್ಕಿ ಕಾಡಿರುವ ಜಿಲ್ಲೆ. ಅಂದ ಮೇಲೆ ಜನರ ಅಂಗಳದ ಅಂಚಿನವರೆಗೂ ಅರಣ್ಯ ಖಾತೆಯ ಗಡಿಕಲ್ಲು ಬಂದು ನಿಂತಂತಾಯಿತು. ತೋಟಿಗರಿಗೆ ಸೊಪ್ಪಿನ ಬೆಟ್ಟಗಳನ್ನು ಗೊತ್ತುಮಾಡಿಕೊಟ್ಟದ್ದು ನಿಜ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬುದು ಈ ಸೀಮೆಯ ಪ್ರಸಿದ್ಧ ಲೆಕ್ಕ. ಆದರೆ ಅಲ್ಲಿಯೂ ತೇಗ, ಬೀಟೆ, ಗಂಧಗಳು ಸರಕಾರದವು. ಎಲ್ಲಕ್ಕಿಂತ ಮುಖ್ಯವಾಗಿ, ಸರಕಾರದ ಕಾಗದದಲ್ಲಿ ಬೆಟ್ಟವನ್ನು ‘ಹಕ್ಕು’ ಎಂದು ಬರೆಯಲಿಲ್ಲ, ‘ಸವಲತ್ತು’ ಎಂದು ಬರೆದರು. ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಬಹುದು. ಸವಲತ್ತನ್ನು ಕೊಟ್ಟವರು ಹಿಂದಕ್ಕೆ ಪಡೆಯಬಹುದು. ತಲೆಮಾರುಗಳಿಂದ ಸೊಪ್ಪು ತಂದ ಕುಟುಂಬಗಳಿಗೆ ಈ ಒಂದು ಪದದ ವ್ಯತ್ಯಾಸ ಮುಳ್ಳಾಗಿ ನೆಟ್ಟಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಸಂಕಟಕ್ಕೆ ‘ವನದುಃಖ’ ಎಂಬ ಹೆಸರೇ ಬಿದ್ದಿತು. ವನದುಃಖ ನಿವಾರಣ ಸಭೆಗಳನ್ನು ಕೂಡಿಸಿ ಜನ ಮುಂಬಯಿಗೆ ಅರ್ಜಿ ಬರೆದರು.

ಬೆಟ್ಟ ದೊರೆತದ್ದಾದರೂ ತೋಟವುಳ್ಳವರಿಗೆ. ಕಾಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು, ಮುಂದಿನ ಜಾಗಕ್ಕೆ ಸಾಗುತ್ತಿದ್ದ ಕುಮರಿ ಬೇಸಾಯಗಾರರಿಗೆ ಸವಲತ್ತೂ ಉಳಿಯಲಿಲ್ಲ. ಅವರ ಬೇಸಾಯವನ್ನು ಸರಕಾರ ೧೮೬೦ರ ದಶಕದ ಹೊತ್ತಿಗೇ ಬಹುಮಟ್ಟಿಗೆ ನಿಲ್ಲಿಸಿತ್ತು. ಯಲ್ಲಾಪುರದ ಕಡೆಯ ಕುಣಬಿಗಳೂ ಸಿದ್ದಿಗಳೂ ತಮ್ಮ ದುಃಖವನ್ನು ಅರ್ಜಿಯಲ್ಲಿ ಬರೆಯಬಲ್ಲವರಾಗಿರಲಿಲ್ಲ. ಆದ್ದರಿಂದಲೇ ಅದು ಕಡತಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಹ್ಯಾರಿಸರ ಆಳ್ವಿಕೆಯ ಕಾಲದಲ್ಲಿ ಒಂದು ಹೊಸ ಮಾತೂ ಕೇಳಿಬಂದಿತು. ಭಾರತದ ಬೇಸಾಯವನ್ನು ಪರೀಕ್ಷಿಸಲು ಬಂದಿದ್ದ ವೋಲ್ಕರ್ ಎಂಬ ತಜ್ಞ ೧೮೯೩ರಲ್ಲಿ ವರದಿಯನ್ನು ಪ್ರಕಟಿಸಿ, ಅರಣ್ಯ ಖಾತೆ ಬೇಸಾಯಕ್ಕೆ ನೆರವಾಗಬೇಕೆಂದು ವಾದಿಸಿದ. ಮರುವರ್ಷ, ೧೮೯೪ರಲ್ಲಿ, ಭಾರತ ಸರಕಾರ ಹೊರಡಿಸಿದ ಅರಣ್ಯ ನೀತಿ ಹಳ್ಳಿಗರ ಅಗತ್ಯಗಳನ್ನು ಒಪ್ಪಿಕೊಂಡಿತು. ಆದರೆ ಒಪ್ಪಿಗೆ ಕಾಗದದ ಮೇಲೆ; ಗಾರ್ಡಿನ ಕೈಯಲ್ಲಿದ್ದ ದಂಡದ ಪುಸ್ತಕ ಹಾಗೆಯೇ ಉಳಿಯಿತು. ೧೮೯೫ರಲ್ಲಿ ಹ್ಯಾರಿಸರು ಸ್ವದೇಶಕ್ಕೆ ಮರಳಿ ಲಾರ್ಡ್ಸಿನ ಎಂ.ಸಿ.ಸಿ.ಯ ಅಧ್ಯಕ್ಷರಾದರು. ಸೊಪ್ಪಿನ ಅರ್ಜಿಗಳು ಮುಂದಿನ ಗವರ್ನರರ ಮೇಜಿಗೆ ಹೋದವು.

೧೯೩೨ರ ವರ್ಷ

ಅರ್ಜಿ ಬರೆದು ದಣಿದ ನಾಡು ಮುಂದೆ ಬೇರೆ ದಾರಿ ಹಿಡಿಯಿತು. ೧೯೨೩ರಲ್ಲಿ ಶಿರಸಿಯ ತೋಟಿಗರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿ ದಲ್ಲಾಳಿಗಳ ಹಿಡಿತದಿಂದ ಅಡಿಕೆಯನ್ನು ಬಿಡಿಸತೊಡಗಿದರು. ೧೯೩೦ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ, ಘಟ್ಟದ ಮೇಲಿನವರು ಕಾಡಿನ ಕಾನೂನನ್ನು ಮುರಿದರು. ಅನಂತರ ಬಂದದ್ದು ಕರನಿರಾಕರಣೆ. ಅದರಲ್ಲಿ ಅಂಕೋಲೆಯೂ ಸಿದ್ದಾಪುರವೂ ಮುಂದಿದ್ದವು. ಕಂದಾಯ ಕೊಡೆವೆಂದ ಕುಟುಂಬಗಳ ತೋಟ-ಗದ್ದೆಗಳನ್ನು ಸರಕಾರ ಜಪ್ತಿ ಮಾಡಿತು, ಪಾತ್ರೆ-ಪದಾರ್ಥಗಳು ಹರಾಜಾದವು, ಗಂಡಸರು ಸೆರೆಮನೆ ಸೇರಿದ ಮನೆಗಳಲ್ಲಿ ಹೆಂಗಸರೇ ಹೋರಾಟವನ್ನು ಮುಂದುವರಿಸಿದರು. ಸಿದ್ದಾಪುರದಿಂದ ಜೋಗಕ್ಕೆ ಹೋಗುವ ಹಾದಿಯ ಮಾವಿನಗುಂಡಿಯಲ್ಲಿ ಆ ಸ್ತ್ರೀಯರ ಸತ್ಯಾಗ್ರಹದ ಸ್ಮಾರಕವಿದೆ. ಅವಸರದ ಪ್ರವಾಸಿಗರು ಅದನ್ನು ದಾಟಿ ಹೋಗುತ್ತಾರೆ. ನಿಂತು ನೋಡಬೇಕಾದ ತಾಣ ಅದು.

ಈ ಕರನಿರಾಕರಣೆಯ ದಿನಗಳಲ್ಲಿಯೇ, ೧೯೩೨ರ ಮಾರ್ಚ್ ೨೪ರಂದು, ಎಂಬತ್ತೊಂದು ವರ್ಷದ ಲಾರ್ಡ್ ಹ್ಯಾರಿಸರು ಬೆಲ್ಮಾಂಟಿನಲ್ಲಿ ಕಣ್ಣುಮುಚ್ಚಿದರು. ಮುತ್ತಜ್ಜ ಶ್ರೀರಂಗಪಟ್ಟಣದ ಹಣದಿಂದ ಕೊಂಡ ಅದೇ ಮನೆ. ಮೂರು ತಿಂಗಳ ಬಳಿಕ, ಜೂನ್ ೨೫ರಂದು, ಲಾರ್ಡ್ಸ್ ಮೈದಾನದಲ್ಲಿ ಸಿ. ಕೆ. ನಾಯುಡು ಅವರ ನಾಯಕತ್ವದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನಾಡಿತು. ಆಳುವವರು ಕಲಿಸಿದ ಆಟದಲ್ಲಿ ಆಳಿಸಿಕೊಂಡವರು ಸರಿಸಮಾನವಾಗಿ ಎದುರು ನಿಂತ ದಿನ ಅದು. ಆ ಹೊತ್ತಿಗೆ ಸಿದ್ದಾಪುರದ ಎಷ್ಟೋ ಮನೆಗಳ ತೋಟ ಅನ್ಯರ ವಶದಲ್ಲಿತ್ತು. ೧೯೩೪ರಲ್ಲಿ ಗಾಂಧೀಜಿ ಈ ಸೀಮೆಗೆ ಬಂದು ಹೋದರು. ೧೯೩೭ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಪ್ತಾದ ಭೂಮಿಗಳು ಮರಳಿ ಮೂಲದವರ ಕೈ ಸೇರುವಂತಾಯಿತು. ಕೊನೆಗೆ ೧೯೫೬ರ ನವೆಂಬರ್ ೧ರಂದು ಮುಂಬಯಿಯ ನಂಟೇ ಕಳಚಿ, ಜಿಲ್ಲೆ ಕನ್ನಡ ನಾಡಿನ ರಾಜ್ಯವನ್ನು ಸೇರಿತು.

ಇಂದಿನ ಹಾದಿ

ಇಂದು ಈ ಮೂರು ತಾಲ್ಲೂಕುಗಳನ್ನು ಸುತ್ತುವವರಿಗೆ ನೋಡಲು ಬೇಕಾದಷ್ಟಿದೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಜಾತ್ರೆ ನಡೆಯುವ ಮಾರಿಕಾಂಬೆಯ ಗುಡಿ. ಶಾಲ್ಮಲೆಯ ಬಂಡೆಗಳ ಮೇಲೆ ಕಡೆದ ಸಹಸ್ರಲಿಂಗಗಳು. ಯಲ್ಲಾಪುರದ ಬಳಿ ಬೇಡ್ತಿ ನದಿ ಸುಮಾರು ೬೫೦ ಅಡಿ ಧುಮುಕುವ ಮಾಗೋಡು. ಸಿದ್ದಾಪುರದ ಉಂಚಳ್ಳಿಯಲ್ಲಿ ಅಘನಾಶಿನಿಯ ಜಲಪಾತಕ್ಕೆ ಕಂಪನಿಯ ಅಧಿಕಾರಿಯೊಬ್ಬನ ಹೆಸರೇ ಅಂಟಿಕೊಂಡು ಲುಷಿಂಗ್ಟನ್ ಎಂದಾಯಿತು. ೮೩೦ ಅಡಿಯ ಜೋಗದಲ್ಲಿ ಒಂದು ದಂಡೆ ಮೈಸೂರಿನದು, ಇನ್ನೊಂದು ಮುಂಬಯಿಯದು. ಪ್ರವಾಸಿಗರಿಗಾಗಿ ಕಟ್ಟಿದ ‘ಮುಂಬಯಿ ಬಂಗಲೆ’ಯ ಹೆಸರು ಆ ಕಾಲವನ್ನು ಇಂದಿಗೂ ನೆನಪಿಗೆ ತರುತ್ತದೆ.

ಬೆಟ್ಟದ ಪ್ರಶ್ನೆ ಮಾತ್ರ ಬಂಗಲೆಯಂತೆ ಹಳತಾಗಲಿಲ್ಲ. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯ ಜನ ಮರ ಕಡಿಯಲು ಬಂದವರನ್ನು ತಡೆದು ಮರಗಳನ್ನು ತಬ್ಬಿ ನಿಂತರು. ‘ಅಪ್ಪಿಕೋ’ ಎಂದು ದೇಶವೆಲ್ಲ ಬಲ್ಲ ಚಳವಳಿ ಹುಟ್ಟಿದ್ದು ಹೀಗೆ. ಅಂದು ಅವರ ಮುಂದಿದ್ದುದು ವಿದೇಶಿ ಗವರ್ನರನ ಸರಕಾರವಲ್ಲ, ತಮ್ಮದೇ ಸರಕಾರ. ಆದರೂ ಮಾತು ಹಳೆಯದೇ: ಕಾಡಿನ ನೆರಳಲ್ಲಿ ಬಾಳುವವರ ಮಾತಿಗೆ ಕಾಡಿನ ಲೆಕ್ಕ ಬರೆಯುವವರಲ್ಲಿ ಬೆಲೆಯುಂಟೇ?

ಕೊಯ್ಲು ಮುಗಿದ ಗದ್ದೆಗಳಲ್ಲಿ ಮಾಗಿಯ ಸಂಜೆ ಹುಡುಗರು ಕ್ರಿಕೆಟ್ಟಿಗೆ ಇಳಿಯುತ್ತಾರೆ. ತೆಂಗಿನ ಗರಿಯ ಬುಡವನ್ನು ಕೆತ್ತಿದ್ದೇ ಬ್ಯಾಟು, ನೆಟ್ಟ ಮೂರು ಕೋಲುಗಳೇ ವಿಕೆಟ್ಟು. ಹ್ಯಾರಿಸ್ ಎಂಬ ಹೆಸರನ್ನು ಅವರು ಕೇಳಿರಲಾರರು. ಕೇಳಬೇಕಾದ ಅಗತ್ಯವೂ ಅವರಿಗಿಲ್ಲ. ಯಾರೋ ಬೀಸಿ ಹೊಡೆದ ಚೆಂಡು ಗದ್ದೆಯ ಅಂಚನ್ನು ದಾಟಿ ಬೆಟ್ಟದೊಳಕ್ಕೆ ಉರುಳುತ್ತದೆ. ಅಲ್ಲಿ ದರಕು ಗುಡಿಸುತ್ತಿರುವ ಹೆಂಗಸು ಬಗ್ಗಿ, ಒಣಗಿದೆಲೆಗಳನ್ನು ಸರಿಸಿ, ಚೆಂಡನ್ನು ಹುಡುಕಿ ಎಸೆದು, ಮತ್ತೆ ತನ್ನ ಹೊರೆಯನ್ನು ಕಟ್ಟತೊಡಗುತ್ತಾಳೆ. ಕತ್ತಲಾಗುವ ಮೊದಲು ಅದು ಕೊಟ್ಟಿಗೆಯನ್ನು ಸೇರಬೇಕು.